ಗಂಟು ಹೆಬ್ಬೆರಳಿನದು, ಒತ್ತು ಮೆಟ್ಟಿನದು

ಹಳೆಯ ದಿನಪತ್ರಿಕೆಯ ಹಾಳೆಯೊಂದನ್ನು ನೆಲಕ್ಕೆ ಹಾಸಿ ಅದರ ಮೇಲೆ ಬರಿಗಾಲಲ್ಲಿ, ಮೈಭಾರ ಪೂರ್ತಿ ಬಿಟ್ಟು ನಿಲ್ಲಬೇಕು. ಇನ್ನೊಬ್ಬರು ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಆಮೇಲೆ ದಿನಾ ಹಾಕುವ ಷೂವನ್ನು ಆ ಗೆರೆಯ ಮೇಲಿಟ್ಟು ನೋಡಬೇಕು. ಒಂದು ಭಾನುವಾರ ಅಕ್ಕನ ಮನೆಯಲ್ಲಿ ಹೀಗೆ ಮಾಡಿದೆವು. ಅವಳ ಪಾದದ ಗೆರೆ ಷೂವಿನ ಎರಡೂ ಪಕ್ಕ ಹೊರಗೇ ಉಳಿಯಿತು. ಹೆಬ್ಬೆರಳ ಬುಡದಲ್ಲಂತೂ ಕಿರುಬೆರಳು ಇಡುವಷ್ಟು. ಅಕ್ಕ ಹೈಸ್ಕೂಲು ಶಿಕ್ಷಕಿ, 28 ವರ್ಷ ಬೋರ್ಡಿನ ಮುಂದೆ ನಿಂತು ಪಾಠ ಮಾಡಿದವಳು. ಎಡಗಾಲ ಹೆಬ್ಬೆರಳ ಬುಡದ ಗಂಟು ತಡೆಯಲಾಗದಷ್ಟು ನೋಯುತ್ತದೆಂದು ಆಪರೇಷನ್ನಿಗೆ ತಾರೀಖು ಗೊತ್ತುಮಾಡಿಕೊಂಡು ಬಂದಿದ್ದಳು. ನಿನ್ನ ಷೂ ಎಷ್ಟು ಅಗಲ ಎಂದು ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಒಂದು ಪ್ರಶ್ನೆ ಹಿಡಿದು ಹೊರಟರೆ ಮೂಳೆ ವೈದ್ಯರ ಪ್ರಬಂಧಗಳಿಂದ ಮಧ್ಯಯುಗದ ಗೋರಿಗಳವರೆಗೆ, ಮಣಿಪಾಲದ ಮಕ್ಕಳ ಹೆಜ್ಜೆಗುರುತಿನಿಂದ ಚೆನ್ನೈನ ಚರ್ಮ ಸಂಶೋಧನಾಲಯದವರೆಗೆ ಅಲೆಯಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಇಂಥ ಗಂಟಿಗೆ ಬನಿಯನ್ ಎನ್ನುತ್ತಾರೆ. ನಮ್ಮಲ್ಲಿ ಆ ಮಾತು ಒಳಅಂಗಿಗೆ ಸೇರಿಹೋಗಿರುವುದರಿಂದ ಹೆಬ್ಬೆರಳ ಗಂಟು ಎನ್ನುವುದೇ ಮೇಲು. ಆದರೆ ಗಂಟು ಎಂಬ ಮಾತೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಮೂಳೆ ಬೆಳೆದು ಉಬ್ಬಿದೆ, ಅದನ್ನು ಕೆತ್ತಿ ತೆಗೆದರೆ ಸರಿಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 19ನೇ ಶತಮಾನದಲ್ಲಿ ವೈದ್ಯರೂ ಹೆಚ್ಚುಕಡಿಮೆ ಹಾಗೆಯೇ ತಿಳಿದಿದ್ದರು. 1870ರ ದಶಕದಲ್ಲಿ ಜರ್ಮನ್ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್ ಇದಕ್ಕೆ ‘ಹ್ಯಾಲಕ್ಸ್ ವಾಲ್ಗಸ್’ ಎಂದು ಹೆಸರಿಟ್ಟ ಮೇಲೆ ನೋಟ ಬದಲಾಯಿತು. ಹೆಬ್ಬೆರಳು ವಾಲಿದೆ ಎಂಬುದೇ ಆ ಹೆಸರಿನ ಅರ್ಥ. ಹೆಬ್ಬೆರಳಿನ ಹಿಂದೆ ಅಂಗಾಲಿನೊಳಗೆ ಒಂದು ಉದ್ದ ಮೂಳೆ ಇದೆ. ಅದು ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಬೆರಳು ಮಾತ್ರ ಕಿರುಬೆರಳಿನ ಕಡೆಗೆ ಬಾಗುತ್ತದೆ. ಇವೆರಡು ಸೇರುವ ಮೂಲೆಯಲ್ಲಿ ಮೂಳೆಯ ತಲೆ ಚರ್ಮದಡಿ ಎದ್ದು ಕಾಣುತ್ತದೆ. ಉಬ್ಬಿನ ಬಹುಪಾಲು ಹೊಸ ಬೆಳವಣಿಗೆಯಲ್ಲ, ಜಾಗ ತಪ್ಪಿದ ಹಳೆಯ ಮೂಳೆ.

ಒಮ್ಮೆ ಬಾಗಿದ ಬೆರಳು ಯಾಕೆ ತಾನಾಗಿ ನೆಟ್ಟಗಾಗುವುದಿಲ್ಲ ಎಂಬುದೂ ಇಲ್ಲಿಯೇ ಗೊತ್ತಾಗುತ್ತದೆ. ಆ ಉದ್ದ ಮೂಳೆಯ ತಲೆಗೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಅಕ್ಕಪಕ್ಕದ ಕಟ್ಟುಗಳ ಆಸರೆಯಲ್ಲಿ ಅದು ನಿಂತಿದೆ. ಹೆಬ್ಬೆರಳನ್ನು ಎತ್ತುವ, ಮಡಿಸುವ ಸ್ನಾಯುರಜ್ಜುಗಳು ಬೆರಳು ನೆಟ್ಟಗಿರುವಾಗ ನಟ್ಟನಡುವೆ ಸಾಗುತ್ತವೆ. ಬೆರಳು ಬಾಗಿತೆಂದರೆ ಅವು ಬಿಲ್ಲಿನ ಹೆದೆಯಂತಾಗುತ್ತವೆ. ಪ್ರತಿ ಹೆಜ್ಜೆಗೂ ಹೆದೆ ಬಿಗಿದು ಬಿಲ್ಲು ಇನ್ನಷ್ಟು ಬಾಗುತ್ತದೆ. ಮೂಳೆಯ ತಲೆಯ ಕೆಳಗೆ ಎಳ್ಳಿನ ಆಕಾರದ ಎರಡು ಪುಟ್ಟ ಮೂಳೆಗಳಿವೆ. ಅವು ಇದ್ದಲ್ಲೇ ಉಳಿದು, ತಲೆ ಅವುಗಳ ಮೇಲಿಂದ ಜಾರುತ್ತದೆ. ನೆಟ್ಟಗಿನ ಪಾದದಲ್ಲೂ ಹೆಬ್ಬೆರಳು ಸ್ವಲ್ಪ ವಾಲಿರುತ್ತದೆ. ನಿಂತು ತೆಗೆಸಿದ ಎಕ್ಸ್-ರೇಯಲ್ಲಿ 15 ಡಿಗ್ರಿಯವರೆಗೆ ಸಹಜ. 20ರವರೆಗೆ ಸೌಮ್ಯ, 20ರಿಂದ 40 ಮಧ್ಯಮ, ಅದರಾಚೆ ತೀವ್ರ ಎಂದು ವೈದ್ಯರು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಮಲಗಿಸಿ ತೆಗೆದ ಎಕ್ಸ್-ರೇಗೆ ಈ ಲೆಕ್ಕ ಹೊಂದುವುದಿಲ್ಲ. ಭಾರ ಬಿದ್ದಾಗ ಪಾದ ಹರಡುತ್ತದೆ, ಆ ಹರಡಿದ ಪಾದವೇ ನೋಯುವ ಪಾದ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಕೋನ ಹೆಚ್ಚಿದಷ್ಟೂ ನೋವು ಹೆಚ್ಚು ಎಂಬ ನೇರ ಸಂಬಂಧವಿಲ್ಲ. ದೊಡ್ಡ ಗಂಟಿದ್ದೂ ದಿನವಿಡೀ ಗದ್ದೆಯಲ್ಲಿ ನಡೆಯುವವರಿದ್ದಾರೆ, ಸಣ್ಣ ಉಬ್ಬಿಗೇ ಸಂಜೆ ಅಳುವವರಿದ್ದಾರೆ. ನೋವಿನ ಬಹುಪಾಲು ಹುಟ್ಟುವುದು ಉಬ್ಬಿದ ಮೂಳೆಗೂ ಷೂವಿನ ಗೋಡೆಗೂ ನಡುವೆ ಸಿಕ್ಕಿಕೊಂಡ ಚರ್ಮದಲ್ಲಿ. ಅಲ್ಲಿ ತಿಕ್ಕಾಟ ತಡೆಯಲು ದೇಹ ಒಂದು ಪುಟ್ಟ ದ್ರವದ ಚೀಲ ಕಟ್ಟಿಕೊಳ್ಳುತ್ತದೆ. ಅದು ಊದಿ ಕೆಂಪಾದಾಗ ‘ಗಂಟು ಬೆಳೆಯಿತು’ ಎನ್ನುತ್ತೇವೆ. ಮೂಳೆ ಮರಳುವುದಿಲ್ಲ, ಊತ ಮರಳುತ್ತದೆ. ಮೆಟ್ಟು ಬದಲಿಸಿದರೆ ಏನಾದೀತು, ಏನಾಗದು ಎಂಬುದರ ಗಡಿ ಈ ಎರಡು ಮಾತಿನಲ್ಲೇ ಇದೆ.

ಇಷ್ಟಕ್ಕೂ ಈ ಬಾಗು ಷೂವಿನಿಂದಲೇ ಬರುತ್ತದೆಯೇ? ಇದು ಹಳೆಯ ಜಗಳ. ಷೂವಿನ ಮೇಲೆ ತಪ್ಪು ಹೊರಿಸುವವರ ಕೈಯಲ್ಲಿ ಒಳ್ಳೆಯ ಸಾಕ್ಷ್ಯಗಳಿವೆ. 1958ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಲ್ಯಾಮ್ ಸಿಮ್-ಫುಕ್ ಮತ್ತು ಹಾಡ್ಜ್‌ಸನ್ ಎಂಬ ವೈದ್ಯರು ಷೂ ಹಾಕುವ 118 ಚೀನೀಯರ, ಷೂ ಹಾಕದ 107 ಚೀನೀಯರ ಪಾದಗಳನ್ನು ಹೋಲಿಸಿದರು. ಮೊದಲ ಗುಂಪಿನಲ್ಲಿ ನೂರಕ್ಕೆ 33 ಮಂದಿಗೆ ಹೆಬ್ಬೆರಳು ವಾಲಿತ್ತು, ಎರಡನೆಯದರಲ್ಲಿ ನೂರಕ್ಕೆ ಇಬ್ಬರಿಗೂ ಇರಲಿಲ್ಲ. ಜನಾಂಗ ಒಂದೇ, ಊರು ಒಂದೇ, ಬೇರೆಯಾಗಿದ್ದುದು ಕಾಲಿಗೆ ಹಾಕಿದ್ದು. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದಲ್ಲಿ ಕೆಲವರು ಬರಿಗಾಲಲ್ಲಿ, ಕೆಲವರು ಷೂವಿನಲ್ಲಿ ಇದ್ದ ಕಾಲಕ್ಕೆ ನಡೆದ ಸಮೀಕ್ಷೆಯೊಂದು 1965ರಲ್ಲಿ ಪ್ರಕಟವಾಯಿತು. ಷೂ ಹಾಕಿದ ವರ್ಷಗಳು ಹೆಚ್ಚಿದಂತೆ ಬಾಗಿದ ಹೆಬ್ಬೆರಳುಗಳೂ ಹೆಚ್ಚಿದ್ದವು, ಅದರಲ್ಲೂ ಹೆಂಗಸರಲ್ಲಿ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕೇಂಬ್ರಿಡ್ಜಿನ ಗೋರಿಗಳ ಕಥೆ. ಆ ಊರಿನ ಮತ್ತು ಸುತ್ತಲಿನ ಮಧ್ಯಯುಗದ ನಾಲ್ಕು ಸ್ಮಶಾನಗಳಿಂದ ಸಿಕ್ಕ 177 ಅಸ್ಥಿಪಂಜರಗಳ ಪಾದಮೂಳೆಗಳನ್ನು ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. 11ರಿಂದ 13ನೇ ಶತಮಾನದಲ್ಲಿ ಸತ್ತವರಲ್ಲಿ ಹೆಬ್ಬೆರಳು ವಾಲಿದ್ದವರು ನೂರಕ್ಕೆ 6 ಮಂದಿ. 14, 15ನೇ ಶತಮಾನದವರಲ್ಲಿ ನೂರಕ್ಕೆ 27. ನಡುವೆ ಆದದ್ದೇನೆಂದರೆ ‘ಪೂಲೇನ್’ ಎಂಬ ಉದ್ದ ಚೂಪು ಮೂತಿಯ ಷೂ ಬಂದು ಉಳ್ಳವರ ಕಾಲು ಹಿಡಿಯಿತು. ಊರ ಹೊರಗಿನ ಹಳ್ಳಿಯ ಸ್ಮಶಾನದಲ್ಲಿ ಈ ಬಾಗು ನೂರಕ್ಕೆ ಮೂರೇ. ಶ್ರೀಮಂತ ದಾನಿಗಳನ್ನೂ ಸಂನ್ಯಾಸಿಗಳನ್ನೂ ಹೂಳುತ್ತಿದ್ದ ಮಠದ ಆವರಣದಲ್ಲಿ 43. ಈ ಚೂಪು ಎಷ್ಟು ಮಿತಿಮೀರಿತೆಂದರೆ 1463ರಲ್ಲಿ ದೊರೆ ನಾಲ್ಕನೇ ಎಡ್ವರ್ಡ್ ಲಂಡನ್ನಿನಲ್ಲಿ ಷೂವಿನ ಮೂತಿ ಎರಡು ಅಂಗುಲ ಮೀರಬಾರದೆಂದು ಕಾನೂನು ಮಾಡಬೇಕಾಯಿತು. ಹೆಬ್ಬೆರಳು ವಾಲಿದ ಮುದುಕರ ಅಸ್ಥಿಗಳಲ್ಲಿ ಬಿದ್ದು ಮುರಿದ ಗುರುತುಗಳೂ ಹೆಚ್ಚು ಕಂಡವು. ಹೆಬ್ಬೆರಳು ನೆಲವನ್ನು ಒತ್ತಿ ಮೈಯನ್ನು ಮುಂದೆ ತಳ್ಳುವ ಬೆರಳು. ಅದು ಕೆಲಸ ಬಿಟ್ಟರೆ ನಡಿಗೆಯ ಸಮತೋಲವೂ ತಪ್ಪುತ್ತದೆ. ಆ ಅಸ್ಥಿಗಳ ವಿಚಾರ ಓದುವಾಗ ನನಗೆ ಅಂದಿನ ಷೂವಿಗಿಂತ ಇಂದಿನ ಅಜ್ಜಿಯರ ಬಚ್ಚಲುಮನೆಯ ಜಾರುನೆಲ ನೆನಪಾಯಿತು.

ನಮ್ಮ ನೆಲದ ಸಾಕ್ಷ್ಯವೂ ಇದೆ. ಅದು ಹೆಬ್ಬೆರಳ ಬಗ್ಗೆ ಅಲ್ಲ, ಪಾದದ ಕಮಾನಿನ ಬಗ್ಗೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಬರೆದ ಪ್ರಬಂಧವನ್ನು ಜಗತ್ತಿನ ಮೂಳೆ ವೈದ್ಯರು ಇಂದಿಗೂ ಉದ್ಧರಿಸುತ್ತಾರೆ. ಮೆಟ್ಟು ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6, ಬರಿಗಾಲ ಮಕ್ಕಳಲ್ಲಿ 2.8. ಹಾಕುವವರಲ್ಲೂ ಮುಂಭಾಗ ಮುಚ್ಚಿದ ಷೂವಿನವರಿಗೆ ಹೆಚ್ಚು, ತೆರೆದ ಚಪ್ಪಲಿಯವರಿಗೆ ಕಡಿಮೆ. ಬೆಳೆಯುವ ಪಾದಕ್ಕೆ ಬೆರಳು ಆಡಿಸಲು ಜಾಗ ಬೇಕೆಂಬುದು ಕರಾವಳಿಯ ಶಾಲೆಗಳಲ್ಲಿ ಹೀಗೆ ಗೊತ್ತಾಯಿತು. ದಕ್ಷಿಣ ಭಾರತದ ಬರಿಗಾಲ ನಡಿಗೆಯವರನ್ನು ಬೆಲ್ಜಿಯಂನವರೊಡನೆ ಹೋಲಿಸಿದ 2009ರ ಅಧ್ಯಯನವೊಂದರಲ್ಲಿ ನಮ್ಮವರ ಪಾದ ಅಗಲವಾಗಿಯೂ, ಮೈಭಾರ ಪಾದದ ತುಂಬ ಹೆಚ್ಚು ಸಮವಾಗಿ ಹಂಚಿಕೆಯಾಗಿಯೂ ಕಂಡಿತು.

ಹಾಗಾದರೆ ಎಲ್ಲ ತಪ್ಪೂ ಷೂವಿನದೇ ಎನ್ನಬಹುದೇ? ಅನ್ನಲಾಗದು. ಬರಿಗಾಲಲ್ಲೇ ಬದುಕಿದ ಕೆಲವರಿಗೂ ಹೆಬ್ಬೆರಳು ವಾಲುತ್ತದೆ. ಅಜ್ಜಿಗೆ ಇತ್ತು, ಅಮ್ಮನಿಗೆ ಇತ್ತು, ನನಗೆ ಬಂತು ಎಂಬ ಮಾತನ್ನು ಪಾದದ ವೈದ್ಯರು ದಿನವೂ ಕೇಳುತ್ತಾರೆ. 350 ರೋಗಿಗಳ ವಂಶಾವಳಿ ಬಿಡಿಸಿದ ಸ್ಪೇನಿನ ಅಧ್ಯಯನವೊಂದರಲ್ಲಿ ನೂರಕ್ಕೆ 90 ಮಂದಿಯ ಕುಟುಂಬದಲ್ಲಿ ಇನ್ನೊಬ್ಬರಿಗಾದರೂ ಇದು ಇತ್ತು. ಮಕ್ಕಳಿಗೆ ಬರುವುದು ಗಂಟಲ್ಲ. ಸಡಿಲ ಕೀಲು, ಮೂಳೆಯ ಆಕಾರ, ಕಮಾನಿನ ಎತ್ತರ ಬರುತ್ತವೆ. ಆ ಪಾದಕ್ಕೆ ಮೂತಿ ಕಿರಿದಾದ ಷೂ ಸಿಕ್ಕರೆ ಬಾಗು ಬೇಗ ಬರುತ್ತದೆ, ಬೇಗ ಬೆಳೆಯುತ್ತದೆ. ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿಗೆ, 65 ದಾಟಿದವರಲ್ಲಿ ಸುಮಾರು 36 ಮಂದಿಗೆ ಹೆಬ್ಬೆರಳು ವಾಲಿದೆ ಎಂದು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ 2010ರ ಅವಲೋಕನ ಹೇಳಿತು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚು. ಕೀಲು ಸಡಿಲವಿರುವುದು ಇದಕ್ಕೆ ಒಂದು ಕಾರಣ. ಹೆಂಗಸರ ಷೂವಿನ ಆಕಾರ ಇನ್ನೊಂದು. 1993ರಲ್ಲಿ ಅಮೆರಿಕದ ಪಾದವೈದ್ಯರು 356 ಹೆಂಗಸರ ಪಾದವನ್ನೂ ಷೂವನ್ನೂ ಅಳೆದಾಗ ನೂರಕ್ಕೆ 88 ಮಂದಿಯ ಷೂ ಪಾದಕ್ಕಿಂತ ಕಿರಿದಾಗಿತ್ತು. 50 ದಾಟಿದ ಹೆಂಗಸರಿಗೆ ಹಳೆಯ ಷೂಗಳ ಚಿತ್ರ ತೋರಿಸಿ, ಯಾವ ವಯಸ್ಸಿನಲ್ಲಿ ಎಂಥದ್ದು ಹಾಕುತ್ತಿದ್ದಿರಿ ಎಂದು ಕೇಳಿದ 2016ರ ಬ್ರಿಟಿಷ್ ಅಧ್ಯಯನವೊಂದಿದೆ. 20ರಿಂದ 39ರ ನಡುವೆ ತೀರಾ ಕಿರಿದು ಮೂತಿಯ ಷೂ ಹಾಕಿದ್ದವರಿಗೆ ಮುಂದೆ ಗಂಟು ಬರುವ ಸಾಧ್ಯತೆ ಹೆಚ್ಚಿತ್ತು. ನೋವು ಐವತ್ತರಲ್ಲಿ ಕಾಣಿಸಿಕೊಂಡರೂ ಅದರ ಬೀಜ ಇಪ್ಪತ್ತರಲ್ಲೇ ಬಿದ್ದಿರುತ್ತದೆ.

ಇನ್ನು ನಮ್ಮ ಅಂಗಡಿಗೆ ಬರೋಣ. ಇಲ್ಲಿ ಷೂ ಕೇಳಿದರೆ ನಂಬರು ಕೇಳುತ್ತಾರೆ. ಆರು, ಏಳು, ಎಂಟು. ಆ ನಂಬರು ಬ್ರಿಟಿಷರು ಬಿಟ್ಟುಹೋದದ್ದು. ಒಂದು ನಂಬರಿಗೂ ಮುಂದಿನದಕ್ಕೂ ಅಂಗುಲದ ಮೂರನೇ ಒಂದು ಪಾಲು ಉದ್ದ ಹೆಚ್ಚುತ್ತದೆ. ಅಗಲದ ಮಾತೇ ಅದರಲ್ಲಿಲ್ಲ. ಅಗಲಕ್ಕೆ ಬೇರೆ ಅಕ್ಷರಗಳ ಗುರುತುಂಟು, ಆದರೆ ನಮ್ಮ ಊರುಗಳ ಅಂಗಡಿಯಲ್ಲಿ ಅದನ್ನು ಕೇಳುವವರೂ ಕಡಿಮೆ, ಇಡುವವರೂ ಕಡಿಮೆ. ಹೀಗಾಗಿ ಅಗಲ ಪಾದದವರು ಒಂದು ನಂಬರು ದೊಡ್ಡದು ಕೊಳ್ಳುತ್ತಾರೆ. ಇದು ಮೇಲುನೋಟಕ್ಕೆ ಜಾಣತನ, ಆದರೆ ಪಾದಕ್ಕೆ ಮೋಸ. ಷೂ ಮಡಚಬೇಕಾದ ಜಾಗ ಪಾದ ಮಡಚುವ ಜಾಗಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಜಾರುತ್ತದೆ, ಜಾರದಂತೆ ಬೆರಳು ಕೊಕ್ಕೆಯಾಗಿ ಹಿಡಿಯುತ್ತವೆ, ಹಿಡಿಯುತ್ತಲೇ ಮುಂದಿನ ಕಿರಿದು ಮೂತಿಗೆ ತಳ್ಳಿಸಿಕೊಳ್ಳುತ್ತವೆ.

ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದೆ. 2021ರ ಡಿಸೆಂಬರಿನಿಂದ 2022ರ ಮಾರ್ಚಿವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನರಿನಲ್ಲಿ ಅಳೆಯಿತು. ಯುರೋಪು, ಅಮೆರಿಕದವರ ಪಾದಕ್ಕಿಂತ ಭಾರತೀಯರದು ಅಗಲ ಎಂಬುದು ಲೆಕ್ಕದಲ್ಲಿ ಸಾಬೀತಾಯಿತು. ಅಂಗಡಿಯಲ್ಲಿ ಸಿಗುವ ಷೂ ನಮ್ಮ ಪಾದಕ್ಕೆ ಬಿಗಿ, ಬಿಗಿ ತಪ್ಪಿಸಲು ಉದ್ದ ಹೆಚ್ಚಿಸಿಕೊಳ್ಳುತ್ತಿದ್ದೇವೆ ಎಂಬುದೂ ಅಲ್ಲಿ ದಾಖಲಾಯಿತು. ‘ಭಾ’ ಎಂಬ ಹೆಸರಿನಲ್ಲಿ, ಪುಟ್ಟ ಮಗುವಿನಿಂದ ವಯಸ್ಕರವರೆಗೆ ಎಂಟು ಅಳತೆಗಳ ಹೊಸ ಕ್ರಮವನ್ನು ಸಂಸ್ಥೆ ಸೂಚಿಸಿತು. ಭಾರತ ಎಂಬುದರ ಮೊದಲಕ್ಷರ ಅದು. ಬೇರೆಯವರ ಪಾದಕ್ಕೆ ಕೊರೆದ ಅಚ್ಚಿನಲ್ಲಿ ನಮ್ಮ ಪಾದ ತೂರಿಸುತ್ತ ಬಂದಿದ್ದೇವೆ ಎಂದು ಅಂಕಿ ಹಿಡಿದು ತೋರಿಸಿದ ಈ ಕೆಲಸ ಪ್ರತಿ ಅಂಗಡಿಯ ಕಪಾಟಿಗೆ ಇಳಿಯಬೇಕು. ನಂಬರಿನ ಪಕ್ಕದಲ್ಲಿ ಅಗಲವನ್ನೂ ಮಿಲಿಮೀಟರಿನಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಿದರೂ ಅರ್ಧ ಕೆಲಸ ಆದಂತೆ.

ಅಲ್ಲಿಯವರೆಗೆ ಗಂಟಿರುವವರು ಏನು ಹಾಕಬೇಕು? ಸಂಜೆಯ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ನಡೆದು ಪಾದ ಅಷ್ಟಿಷ್ಟು ಊದಿರುತ್ತದೆ. ಮೊದಲು ಹೇಳಿದ ಪಾದದ ಗೆರೆಯನ್ನು ಕತ್ತರಿಸಿ ಜೊತೆಗೆ ಒಯ್ಯಿರಿ. ಷೂವಿನೊಳಗಿನ ಅಡಿಹಾಸನ್ನು ಹೊರತೆಗೆದು ಆ ಕಾಗದದ ಪಾದವನ್ನು ಅದರ ಮೇಲಿಟ್ಟರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡೂ ಪಾದ ಒಂದೇ ಅಳತೆಯಿರುವುದು ಅಪರೂಪ, ದೊಡ್ಡದಕ್ಕೇ ಕೊಳ್ಳಬೇಕು. ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲದಷ್ಟು, ಅಂದರೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಜಾಗ ಉಳಿಯಬೇಕು. ಮುಂಭಾಗದಲ್ಲಿ ಅಗಲ ಮಾತ್ರವಲ್ಲ, ಎತ್ತರವೂ ಬೇಕು. ಗಂಟು ಬೆಳೆದಂತೆ ಎರಡನೇ ಬೆರಳು ಮೇಲೇರಿ ಮಡಚಿಕೊಳ್ಳುತ್ತದೆ. ತಗ್ಗು ಷೂವಿನಲ್ಲಿ ಅದರ ಗೆಣ್ಣಿಗೆ ಆಣಿ ಕಟ್ಟುತ್ತದೆ. ಕಾಲುಂಗುರ ಹಾಕುವ ಬೆರಳು ಅದೇ ಆದ್ದರಿಂದ ಉಂಗುರ ಒತ್ತಿ ಗಾಯವಾಗುವುದನ್ನೂ ಹೆಂಗಸರು ಗಮನಿಸಬೇಕು. ಮೇಲ್ಹೊದಿಕೆ ಮೆತ್ತಗಿರಬೇಕು. ಗಂಟಿನ ಮೇಲೆ ಹೊಲಿಗೆ ಹಾಯಬಾರದು, ಬಕಲ್ ಕೂರಬಾರದು. ಅಟ್ಟೆ ಬೆರಳ ಬುಡದಲ್ಲಿ ಮಡಚಬೇಕೇ ಹೊರತು ನಡುವಿನಲ್ಲಲ್ಲ. ಹಿಮ್ಮಡಿ ಎತ್ತರಿಸಿದಷ್ಟೂ ಮೈಭಾರ ಪಾದದ ಮುಂಭಾಗಕ್ಕೆ ಜಾರುತ್ತದೆ. ಎರಡು ಬೆರಳಗಲಕ್ಕಿಂತ ಎತ್ತರದ ಹಿಮ್ಮಡಿ ಗಂಟಿರುವವರಿಗೆ ಬೇಡವೆಂದೇ ಹೇಳುತ್ತೇನೆ. ‘ಹಾಕ್ತಾ ಹಾಕ್ತಾ ಅಡ್ಜಸ್ಟ್ ಆಗುತ್ತೆ’ ಎಂಬ ಅಂಗಡಿಯವರ ಮಾತಿಗೆ ಒಪ್ಪಬೇಡಿ. ಅಡ್ಜಸ್ಟ್ ಆಗುವುದು ಷೂ ಅಲ್ಲ, ಪಾದ.

ನಮ್ಮ ಹವೆಗೆ ಚಪ್ಪಲಿಯೇ ಸಹಜ. ಹೆಬ್ಬೆರಳ ಗಂಟಿಗೂ ತೆರೆದ ಮುಂಭಾಗ ಒಳ್ಳೆಯದೇ. ಆದರೆ ಎಲ್ಲ ಚಪ್ಪಲಿಯೂ ಒಂದೇ ಅಲ್ಲ. ಹವಾಯಿ ಚಪ್ಪಲಿಯ ಪಟ್ಟಿ ಹೆಬ್ಬೆರಳಿಗೂ ಎರಡನೇ ಬೆರಳಿಗೂ ನಡುವೆ ಹೋಗುತ್ತದೆ. ಬೆರಳುಗಳು ಒತ್ತೊತ್ತಾಗಿರುವವರಿಗೆ ಅಲ್ಲಿ ಉಜ್ಜುತ್ತದೆ. ಹಿಂದೆ ಪಟ್ಟಿಯಿಲ್ಲದ್ದರಿಂದ ಬಿಟ್ಟುಹೋಗದಂತೆ ಬೆರಳು ಬಿಗಿಹಿಡಿಯಬೇಕು. ಅಥಣಿ, ನಿಪ್ಪಾಣಿ ಕಡೆಯ ಕೈಕೆಲಸದ ಚಪ್ಪಲಿಗೆ 2019ರಲ್ಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲೇ ಭೌಗೋಳಿಕ ಗುರುತು ಸಿಕ್ಕಿತು. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರಲ್ಲಿ ಸೇರಿವೆ. ಅದರ ಮುಂಭಾಗ ತೆರೆದಿದೆ, ಚರ್ಮ ಹಾಕುತ್ತ ಪಾದಕ್ಕೆ ಹೊಂದುತ್ತದೆ. ಅಟ್ಟೆ ಮಾತ್ರ ಗಟ್ಟಿ, ಹೆಬ್ಬೆರಳು ತೂರಿಸುವ ಉಂಗುಷ್ಟ ವಾಲಿದ ಬೆರಳಿಗೆ ಬಿಗಿಯಾಗುತ್ತದೆ. ಅಲ್ಲಿನ ಕಸುಬುದಾರರು ಪಾದ ನೋಡಿ ಹೊಲಿಯಬಲ್ಲವರು. ಉಂಗುಷ್ಟ ಸಡಿಲಿಸಿ, ಅಡ್ಡಪಟ್ಟಿ ಗಂಟಿನ ಹಿಂದೆ ಬರುವಂತೆ ಮಾಡಿಕೊಡಿ ಎಂದು ಕೇಳಿದರೆ ಆಗುತ್ತದೆ. ದಿನನಿತ್ಯಕ್ಕೆ ನನ್ನ ಮತ ಹಿಂದೆ ಪಟ್ಟಿಯಿರುವ, ಮುಂದಿನ ಪಟ್ಟಿಯನ್ನು ವೆಲ್ಕ್ರೋದಲ್ಲಿ ಸಡಿಲಿಸಬಹುದಾದ ಸ್ಯಾಂಡಲ್ಲಿಗೆ. ಬೆಳಿಗ್ಗೆ ಬಿಗಿ, ಸಂಜೆ ಸಡಿಲ ಮಾಡಿಕೊಳ್ಳಬಹುದು.

ಮನೆಯೊಳಗಿನ ಮಾತನ್ನು ಯಾರೂ ಎತ್ತುವುದಿಲ್ಲ. ನಮ್ಮ ಹೆಂಗಸರು ಗ್ರಾನೈಟು, ಟೈಲ್ಸು ಹಾಸಿದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಬರಿಗಾಲು ಒಳ್ಳೆಯದೆಂದು ಮೇಲೆ ಬರೆದವನೇ ಇದನ್ನೂ ಬರೆಯಬೇಕಾಗಿದೆ: ಮಣ್ಣಿನ ಮೇಲೆ ನಡೆಯುವ ಬರಿಗಾಲು ಬೇರೆ, ಕಲ್ಲಿನ ಮೇಲೆ ನಿಂತೇ ಇರುವ ಬರಿಗಾಲು ಬೇರೆ. ಹೆಬ್ಬೆರಳು ಕೆಲಸ ತಪ್ಪಿಸಿದ ಪಾದದಲ್ಲಿ ಭಾರ ಎರಡನೇ, ಮೂರನೇ ಬೆರಳ ಬುಡಕ್ಕೆ ಬಿದ್ದು ಅಲ್ಲಿ ಉರಿ ಹತ್ತುತ್ತದೆ. ಒಳಗೆ ಮಾತ್ರ ಹಾಕಲು ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳುವುದರಿಂದ ಮಡಿ ಮೈಲಿಗೆಯ ತೊಡಕೂ ಬರುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂಸಿಆರ್ ಚಪ್ಪಲಿ ಇದಕ್ಕೆ ಚೆನ್ನಾಗಿದೆ. ಸಣ್ಣ ಗುಳ್ಳೆಗಳ ಆ ರಬ್ಬರಿನ ಅಟ್ಟೆ ನಮ್ಮ ದೇಶದಲ್ಲೇ, ವೆಲ್ಲೂರಿನ ಕಡೆ ಕುಷ್ಠರೋಗಿಗಳ ಸ್ಪರ್ಶಗೆಟ್ಟ ಪಾದಗಳನ್ನು ಉಳಿಸುವ ಕೆಲಸದಲ್ಲಿ ರೂಪುಗೊಂಡದ್ದು.

ಇರುವ ಷೂವನ್ನು ಎಸೆಯಬೇಕಾಗಿಯೂ ಇಲ್ಲ. ಚರ್ಮದ್ದಾದರೆ ಚಪ್ಪಲಿ ಹೊಲಿಯುವವರು ಗಂಟು ಬರುವ ಜಾಗವನ್ನಷ್ಟೇ ಒದ್ದೆ ಮಾಡಿ, ಒಳಗೆ ಮರದ ಗುಂಡು ಇಟ್ಟು ರಾತ್ರಿಯಿಡೀ ಹಿಗ್ಗಿಸುತ್ತಾರೆ. ರೆಕ್ಸಿನ್ ಹಿಗ್ಗುವುದಿಲ್ಲ, ಹಿಗ್ಗಿದರೂ ಮರಳುತ್ತದೆ. ಲೇಸಿನ ಷೂವಾದರೆ ಗಂಟಿನ ಬದಿಯಲ್ಲಿ ಬೆರಳಿಗೆ ಹತ್ತಿರದ ತೂತಿಗೆ ದಾರ ಪೋಣಿಸದೆ ಬಿಟ್ಟರೆ ಅಲ್ಲಿ ಬಿಗಿ ಇಳಿಯುತ್ತದೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕುಳಿತ ಕಸುಬುದಾರರ ಇಂಥ 50 ರೂಪಾಯಿ ಕೆಲಸ ನಮ್ಮಲ್ಲಿ ಚಿಕಿತ್ಸೆಯೆಂದು ಗಣನೆಗೇ ಬಂದಿಲ್ಲ. ಬರಬೇಕು.

ಬೆರಳ ನಡುವೆ ಇಡುವ ಸಿಲಿಕಾನ್ ತುಂಡು, ಜೆಲ್ ಪ್ಯಾಡು, ರಾತ್ರಿ ಕಟ್ಟುವ ಪಟ್ಟಿಗಳನ್ನು ಆನ್‌ಲೈನ್ ಅಂಗಡಿಗಳು ‘ಗಂಟು ಮಾಯ’ ಎಂಬ ಮಾತಿನೊಡನೆ ಮಾರುತ್ತವೆ. ವಾಲಿದ ಮೂಳೆಯನ್ನು ಅವು ಹಿಂದಕ್ಕೆ ತರುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತಿಕ್ಕಾಟ ತಡೆದು ಕೆಲವರಿಗೆ ಆರಾಮ ಕೊಡುತ್ತವೆ, ಅಷ್ಟು ಸಾಕು. ಆದರೆ ಬಿಗಿಯಾದ ಷೂವಿನೊಳಗೆ ಪ್ಯಾಡು ತುರುಕಿದರೆ ಬಿಗಿ ಇಮ್ಮಡಿಯಾಗುತ್ತದೆ. ಮೊದಲು ಜಾಗ, ಆಮೇಲೆ ಪ್ಯಾಡು. ಇಂಗ್ಲೆಂಡಿನಲ್ಲಿ 6,000 ಶಾಲಾಮಕ್ಕಳನ್ನು ಪರೀಕ್ಷಿಸಿ, ಹೆಬ್ಬೆರಳು ವಾಲಿದ್ದ 122 ಮಕ್ಕಳಲ್ಲಿ ಕೆಲವರಿಗೆ ಷೂವಿನೊಳಗಿನ ಆಸರೆ ಕೊಟ್ಟು, ಉಳಿದವರನ್ನು ಹಾಗೇ ಬಿಟ್ಟು ನೋಡಿದ್ದರು. ಸುಮಾರು ಮೂರು ವರ್ಷದ ಮೇಲೆ ಎರಡೂ ಗುಂಪಿನಲ್ಲಿ ಬಾಗು ಹೆಚ್ಚಿತ್ತು; ಆಸರೆ ಕೊಟ್ಟವರಲ್ಲಿ ತುಸು ಹೆಚ್ಚೇ. 1994ರ ಈ ಫಲಿತಾಂಶ ಮಕ್ಕಳ ತಂದೆತಾಯಿಗೆ ಗೊತ್ತಿದ್ದರೆ ದುಬಾರಿ ಅಡಿಹಾಸುಗಳ ಖರ್ಚು ಉಳಿದೀತು. ಬೆರಳುಗಳನ್ನು ಅಗಲಿಸುವ, ಅಂಗಾಲ ಸ್ನಾಯು ಬಿಗಿಯುವ ವ್ಯಾಯಾಮದಿಂದ ಕೇಡಿಲ್ಲ, ಕೀಲು ಸಡಿಲವಾಗಿ ಆಡುತ್ತದೆ. ಪವಾಡ ನಿರೀಕ್ಷಿಸಬಾರದು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೆದರಿಸುವುದು ನನ್ನ ಉದ್ದೇಶವಲ್ಲ. ಫಿನ್ಲೆಂಡಿನಲ್ಲಿ 209 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ನಡೆಸಿದ ಪ್ರಯೋಗ 2001ರಲ್ಲಿ ಪ್ರಕಟವಾಯಿತು: ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಪಾದಕ್ಕೆಂದೇ ಮಾಡಿಸಿದ ಅಡಿಹಾಸು, ಮೂರನೆಯದಕ್ಕೆ ಕಾಯುವುದು. ಆರು ತಿಂಗಳಿಗೆ ಮೊದಲೆರಡು ಗುಂಪಿನ ನೋವು ಇಳಿದಿತ್ತು. ವರ್ಷಕ್ಕೆ ಅಡಿಹಾಸಿನವರು ಕಾದವರಂತೆಯೇ ಇದ್ದರು, ಶಸ್ತ್ರಚಿಕಿತ್ಸೆ ಆದವರು ಇಬ್ಬರಿಗಿಂತ ಚೆನ್ನಾಗಿದ್ದರು. ಹಾಗೆಂದು ಎಲ್ಲರೂ ಮೇಜು ಹತ್ತಬೇಕೆಂದಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2004ರ ಕೊಕ್ರೇನ್ ಅವಲೋಕನದಲ್ಲಿ ಕೋನ ಸರಿಹೋಗಿ ನೋವು ಇಳಿದ ಮೇಲೂ ಕಾಲುಭಾಗದಿಂದ ಮೂರನೇ ಒಂದು ಪಾಲು ರೋಗಿಗಳು ಅತೃಪ್ತರಾಗಿದ್ದರು. ಈ ಅಸಮಾಧಾನಕ್ಕೆ ಬಹುಮಟ್ಟಿಗೆ ಕಾರಣ ನಿರೀಕ್ಷೆಯೆಂದು ನನಗೆ ಅನ್ನಿಸುತ್ತದೆ. ಆಪರೇಷನ್ ಆದ ಮೇಲೆ ಹಳೆಯ ಚೂಪು ಷೂ ಹಾಕಬಹುದೆಂದು ಒಳಹೋದವರಿಗೆ ಹೊರಬಂದ ಮೇಲೂ ಅಗಲ ಷೂವೇ ಬೇಕೆಂದು ಗೊತ್ತಾದರೆ ಸಮಾಧಾನವೆಲ್ಲಿಂದ ಬರಬೇಕು?

ಈ ಒಂದು ಗಂಟಿಗೆ ನೂರಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸಾ ವಿಧಾನಗಳಿವೆ. ಸಾಮಾನ್ಯವಾಗಿ ಉದ್ದ ಮೂಳೆಯನ್ನು ಕತ್ತರಿಸಿ, ತಲೆಯನ್ನು ಒಳಕ್ಕೆ ಸರಿಸಿ, ತಿರುಪು ಹಾಕಿ ನಿಲ್ಲಿಸುತ್ತಾರೆ. ಸೌಮ್ಯಕ್ಕೆ ಶೆವ್ರಾನ್ ಎಂಬ ವಿ ಆಕಾರದ ಕೊಯ್ತ, ಮೂಳೆಯ ಬುಡವೇ ಸಡಿಲವಿದ್ದರೆ ಲ್ಯಾಪಿಡಸ್ ಎಂಬ ಕೀಲು ಬೆಸುಗೆ, ಇತ್ತೀಚೆಗೆ ಸಣ್ಣ ತೂತಿನಿಂದಲೇ ಮಾಡುವ ಬಗೆ. ಸುಮಾರು ಆರು ವಾರ ವಿಶೇಷ ಷೂವಿನಲ್ಲಿ ನಡೆಯಬೇಕು, ಊತ ಪೂರ್ತಿ ಇಳಿಯಲು ಹಲವು ತಿಂಗಳು. ಕೀಲು ಬಿಗಿಯಾಗುವುದು, ಬೆರಳ ಪಕ್ಕ ಮರಗಟ್ಟುವುದು, ಭಾರ ಪಕ್ಕದ ಬೆರಳ ಬುಡಕ್ಕೆ ಹೋಗುವುದು, ಬಾಗು ಮತ್ತೆ ಬರುವುದು ಇವೆಲ್ಲ ಉಂಟು. ಬೆಳೆಯುವ ವಯಸ್ಸಿನಲ್ಲಿ ಮಾಡಿಸಿದರೆ ಮರಳಿ ಬರುವ ಸಾಧ್ಯತೆ ಹೆಚ್ಚು. ನೋಟ ಚೆನ್ನಾಗಿರಲೆಂದು ಮಾಡಿಸುವ ಕೆಲಸ ಇದಲ್ಲ. ಆದರೆ ಸರಿಯಾದ ಮೆಟ್ಟಿನಲ್ಲಿ ನಾಲ್ಕಾರು ತಿಂಗಳು ಪ್ರಾಮಾಣಿಕವಾಗಿ ನಡೆದ ಮೇಲೂ ನೋವು ದಿನದ ಕೆಲಸ ಕೆಡಿಸುತ್ತಿದ್ದರೆ, ಹೆಬ್ಬೆರಳು ಎರಡನೆಯದರ ಅಡಿಗೆ ತೂರಿ ಯಾವ ಷೂವೂ ಹಿಡಿಯದಿದ್ದರೆ, ಶಸ್ತ್ರಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುವುದೂ ತಪ್ಪು. ಬಾಗು ತೀವ್ರವಾದಷ್ಟೂ ಮಾಡಬೇಕಾದ ಕೊಯ್ತ ದೊಡ್ಡದಾಗುತ್ತದೆ.

ಕೆಲವರು ಷೂ ಬದಲಿಸಿ ಕಾಯುತ್ತ ಕೂರಲೇಬಾರದು. ರಾತ್ರಿ ಬೆಳಗಾಗುವುದರಲ್ಲಿ ಹೆಬ್ಬೆರಳ ಬುಡ ಕೆಂಡದಂತೆ ಕೆಂಪಾಗಿ, ಹೊದಿಕೆ ತಗುಲಿದರೂ ಚೀರುವಂತಾದರೆ ಅದು ಗಂಟಲ್ಲ, ಗೌಟ್ ಇರಬಹುದು, ಸೋಂಕೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರಿಗೆ ಗಂಟಿನ ಮೇಲಿನ ಸಣ್ಣ ತರಚೂ ಹುಣ್ಣಾಗುತ್ತದೆ. ನೋವಿಲ್ಲವೆಂಬುದೇ ಅಲ್ಲಿ ಅಪಾಯ. ಸಂಧಿವಾತದವರ ಪಾದದ ಲೆಕ್ಕವೇ ಬೇರೆ. ಇವರು ಅಂಗಡಿಗಿಂತ ಮೊದಲು ವೈದ್ಯರ ಬಳಿ ಹೋಗಬೇಕು.

ಒಬ್ಬೊಬ್ಬರು ಒಳ್ಳೆಯ ಚಪ್ಪಲಿ ಕೊಂಡರೆ ಮುಗಿಯುವ ಮಾತೂ ಇದಲ್ಲ. ದಿನಕ್ಕೆ ಎಂಟು ಗಂಟೆ ನಿಲ್ಲುವ ಸೆಕ್ಯುರಿಟಿಯವರು, ನರ್ಸುಗಳು, ಅಂಗಡಿಯ ಹುಡುಗಿಯರು ಸಂಸ್ಥೆ ಕೊಟ್ಟದ್ದನ್ನೇ ಹಾಕಬೇಕು. ಕೆಲಸಕ್ಕೆ ಎತ್ತರದ ಹಿಮ್ಮಡಿಯ ಷೂ ಕಡ್ಡಾಯ ಮಾಡಕೂಡದೆಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2017ರಲ್ಲಿ ನಿಯಮ ತಂದಿತು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಷೂ, ಸಾಕ್ಸ್ ಕೊಡುತ್ತಾರೆ. ಬರಿಗಾಲಲ್ಲಿ ಬಿಸಿಲು, ಮುಳ್ಳು ತುಳಿಯುತ್ತಿದ್ದ ಮಕ್ಕಳಿಗೆ ಅದು ದೊಡ್ಡ ಆಸರೆ. ಕೊಳ್ಳುವಾಗ ತರಗತಿಯ ಲೆಕ್ಕಕ್ಕೆ ಬದಲು ಪ್ರತಿ ಮಗುವಿನ ಪಾದ ಅಳೆದರೆ, ಉದ್ದದ ಜೊತೆ ಅಗಲವನ್ನೂ ಬರೆದುಕೊಂಡರೆ, ಮಣಿಪಾಲದ ಆ 2,300 ಹೆಜ್ಜೆಗುರುತುಗಳಿಗೆ ನಾವು ಕಿವಿಗೊಟ್ಟಂತಾಗುತ್ತದೆ.

ಅಕ್ಕ ಆಪರೇಷನ್ನಿನ ತಾರೀಖನ್ನು ಆರು ತಿಂಗಳು ಮುಂದಕ್ಕೆ ಹಾಕಿದಳು. ವೆಲ್ಕ್ರೋ ಪಟ್ಟಿಯ ಅಗಲ ಸ್ಯಾಂಡಲ್ ಒಂದು, ಮನೆಯೊಳಗೆ ಎಂಸಿಆರ್ ಒಂದು ಜೊತೆ. ಮೂರನೇ ತಿಂಗಳಿಗೆ ಗಂಟಿನ ಕೆಂಪು ಹೋಯಿತು, ಸಂಜೆ ಬಿಸಿನೀರಲ್ಲಿ ಕಾಲಿಟ್ಟು ಕೂರುವುದು ನಿಂತಿತು. ಬೆರಳು ಹಾಗೆಯೇ ವಾಲಿದೆ. ನೋವು ಮತ್ತೆ ಹೆಚ್ಚಿದರೆ ಮಾಡಿಸಿಕೊಳ್ಳುತ್ತೇನೆ ಎಂದಿದ್ದಾಳೆ, ಅದೂ ಸರಿಯೇ.

ಈಚೆಗೆ ಹೋದಾಗ ಅವಳ ಮಗಳು ಬೆಂಗಳೂರಿನಿಂದ ಬಂದಿದ್ದಳು. 24 ವರ್ಷ, ಹೊಸ ಕೆಲಸ, ಹೊಸ್ತಿಲಾಚೆ ಮೂತಿ ಚೂಪಾದ ಬೆಲ್ಲಿ ಷೂ. ಅಕ್ಕ ದಿನಪತ್ರಿಕೆ ಹಾಸಿ ಮಗಳನ್ನು ನಿಲ್ಲಿಸಿ, ತಾನೇ ಪೆನ್ಸಿಲು ಹಿಡಿದು ಕುಳಿತಳು. ಹುಡುಗಿಯ ಹೆಬ್ಬೆರಳು ಇನ್ನೂ ನೆಟ್ಟಗಿದೆ. ಷೂವನ್ನು ಗೆರೆಯ ಮೇಲಿಟ್ಟು ಅವಳ ತಾಯಿ ಸ್ಕೇಲಿನಲ್ಲಿ ಅಳೆದಳು: ಪಾದಕ್ಕಿಂತ 11 ಮಿಲಿಮೀಟರ್ ಕಡಿಮೆ.